ಏಪ್ರನ್ ಮೇಲಿನ ಕೈ

ಉಗುರಿನ ಸಂದಿಯಲ್ಲಿ ಇನ್ನೂ ಒಂದು ಗೆರೆ ನೀಲಿ ಉಳಿದಿದೆ, ಎಡಗೈ ಹೆಬ್ಬೆರಳಿನದು, ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತೇ ಹೊರತು ನೀಲಿ ಜಪ್ಪಯ್ಯ ಅಂದರೂ ಬಿಡಲಿಲ್ಲ, ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಮಗಳು ಕೇಳಿಯೂಬಿಟ್ಟಳು, ಅಮ್ಮ ನಿಂಗೂ ಡ್ರಾಯಿಂಗ್ ಕ್ಲಾಸ್ ಇದ್ಯಾ, ಹೂಂ ಪುಟ್ಟಿ ಇದೆ, ಅಲ್ಲಿಗೆ ಒಂದು ಸುಳ್ಳಿಗೆ ಮರಿ ಹುಟ್ಟಿತು — ಈಗ ಆ ಕೈಯನ್ನು ಬ್ಯಾಗಿನ ಹಿಂದೆ ಅಡಗಿಸಿಕೊಂಡು ವಿಶ್ವವಿದ್ಯಾಲಯದ ನೆಲಮಾಳಿಗೆಯ ಈ ಉದ್ದನೆ ಹಾಲಿನಲ್ಲಿ ನಿಂತಿದ್ದಾಳೆ, ಹೊಸ ಪೇಂಟಿನ ವಾಸನೆ, ಯಾರೋ ಕುರ್ಚಿ ಎಳೆಯುವ ಸದ್ದು, ಸಾರ್ವಜನಿಕ ಇತಿಹಾಸ ವಿಭಾಗದ ಪ್ರದರ್ಶನ, ಮುಚ್ಚಿಹೋದ ನೂಲಿನ ಬಣ್ಣದ ಕಾರ್ಖಾನೆಯ ಬದುಕು, ಇನ್ನೇನು ಬಾಗಿಲು ತೆರೆಯುತ್ತಾರೆ. ಎರಡು ವರ್ಷದ ಓದಿಗೆ ಇದೇ ಪರೀಕ್ಷೆ. ಮದುವೆಯಾಗಿ, ಮಗುವಾಗಿ, ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಬಿಟ್ಟು ಮತ್ತೆ ಕಾಲೇಜಿಗೆ ಬಂದವಳು, ಏನು ಓದ್ತಿದ್ದಾಳೆ ನಿನ್ನ ಹೆಂಡ್ತಿ ಅಂತ ಕೇಳಿದವರಿಗೆಲ್ಲ ಗಂಡ, ಹಳೇ ಸಾಮಾನು ಓದ್ತಾಳೆ ಕಣಯ್ಯ, ನಾನೂ ಹಳಬ ಆಗೋಕೆ ಕಾಯ್ತಿದ್ದೀನಿ, ಆಗಲಾದ್ರೂ ನನ್ನ ಕಡೆ ನೋಡ್ತಾಳೇನೋ, ಅಂತ ನಗಿಸುತ್ತಿದ್ದ, ಅವಳೂ ನಗುತ್ತಿದ್ದಳು, ಆಗ. ಹಾಲಿನ ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಬೂದು ಬಣ್ಣದ ಏಪ್ರನ್, ಗಾಜಿಗೆ ಒತ್ತಿದ ಹಾಗೆ ಹರಡಿದ್ದಾರೆ, ಅದರ ಎದೆಯ ಮೇಲೆ ಐದು ಬೆರಳು ಬಿಡಿಸಿದ ನೀಲಿ ಕೈಗುರುತು, ಬರುವವರೆಲ್ಲ ಮೊದಲು ಅಲ್ಲೇ ನಿಲ್ಲುತ್ತಾರೆ, ನಿಲ್ಲಲಿ ಅಂತಲೇ ಅಲ್ಲಿಟ್ಟದ್ದು, ಸತ್ತುಹೋದ ಹುಡುಗಿಯ ಕೈ ಅಂತ ಓದುತ್ತಾರೆ, ಅದು ಸತ್ತವಳ ಕೈಯಲ್ಲ, ಅದು ಅವಳದೇ ಕೈ, ಈಗ ಬ್ಯಾಗಿನ ಹಿಂದೆ ಬೆವರುತ್ತಿರುವ ಈ ಕೈ.

ದೊಡ್ಡಕ್ಕ ಇನ್ನೂ ಬಂದಿಲ್ಲ. ಬರದೇ ಇದ್ದರೆ. ಮಂಡಿನೋವು ಜಾಸ್ತಿಯಾಗಿ, ಬಸ್ಸು ಸಿಗದೆ — ಥೂ, ಏನು ಯೋಚನೆ ಇದು, ಆ ಜೀವ ವಾರದಿಂದ ಕಾಯುತ್ತಿದೆ, ಫೋನು ಮಾಡಿದಾಗಲೆಲ್ಲ, ಯಾವ ಸೀರೆ ಉಡ್ಲಿ ಮಗಳೇ, ಅವಳ ಮುಂದೆ ನಿಲ್ಲೋಕೆ, ಅಂತ ಕೇಳುತ್ತಿದ್ದರು. ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕ, ಆದರೆ ಅಕ್ಕ ಅಂತ ಹುಟ್ಟಿನಿಂದ ಕರೆದದ್ದು ಒಬ್ಬಳೇ, ತಂಗಿ. ಇಬ್ಬರೂ ಒಂದೇ ಬಣ್ಣದ ತೊಟ್ಟಿಯ ಮುಂದೆ ಕೆಲಸ, ಇಬ್ಬರಿಗೂ ಸೇರಿ ಒಂದೇ ಜೊತೆ ರಬ್ಬರ್ ಗ್ಲೌಸು, ಕಾರ್ಖಾನೆಯವರು ಅಷ್ಟೇ ಕೊಡ್ತಿದ್ದದ್ದು, ಒಂದೊಂದು ಹಾಕ್ಕೊಳ್ತಿದ್ವಿ ನೋಡು, ನಂಗೆ ಎಡದ್ದು, ಅವಳಿಗೆ ಬಲದ್ದು, ಬರಿಗೈ ನೀಲಿ ಆಗೋದು, ಊಟಕ್ಕೆ ಕೂತ್ರೆ ಎರಡು ನೀಲಿ ಕೈ ಎರಡು ಬಿಳಿ ಕೈ, ಅಪ್ಪ ನಗೋರು, ಒಂದೇ ಪ್ರಾಣಿ ಎರಡು ತಲೆ ಅಂತ. ಆ ದಿನ ತಡವಾಗಿತ್ತು, ಅಕ್ಕ ಏನೋ ಬೈದಳು, ತಂಗಿ ತೊಟ್ಟಿಯಿಂದ ಎಡಗೈ ತೆಗೆದವಳೇ ಅಕ್ಕನ ಎದೆಗೆ ಒತ್ತಿ ಹಿಂದಕ್ಕೆ ತಳ್ಳಿ, ಹೋಗೇ ಮೂದೇವಿ, ಅಂತ ನಗುತ್ತಾ ಆವಿಯ ಕೋಣೆಗೆ ಇಳಿದಳು, ಪೈಪು ಸಿಡಿಯಿತು, ಮತ್ತೆ ಮೇಲೆ ಬರಲಿಲ್ಲ. ಅಂದಿನಿಂದ ಆ ಏಪ್ರನ್ ನೀರು ಕಂಡಿರಲಿಲ್ಲ, ಟ್ರಂಕಿನ ತಳದಲ್ಲಿ ಕಾಗದ ಸುತ್ತಿ ಇಟ್ಟದ್ದು, ಇವಳು ಪ್ರದರ್ಶನಕ್ಕೆ ಕೇಳಲು ಹೋದ ದಿನ ಅದನ್ನು ಮಡಿಲ ಮೇಲೆ ಬಿಡಿಸಿ ದೊಡ್ಡಕ್ಕ ತಮ್ಮ ಕೈಯನ್ನು ಆ ನೀಲಿಯ ಮೇಲೆ ಇಟ್ಟರು, ಇಟ್ಟರೆ ನೀಲಿ ಪೂರ್ತಿ ಮುಚ್ಚಿಹೋಯಿತು, ಒಂದೇ ಅಚ್ಚು ನಮ್ದು, ನೋಡು, ಅಂದರು. ಕೈ ಕೈಯನ್ನು ಮುಚ್ಚಿದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಕಂಡವಳು ಕಣ್ಣು ಒರೆಸಿಕೊಳ್ಳುತ್ತಾ ಮೊಬೈಲ್ ತೆಗೆದು ಒಂದು ಫೋಟೋ ಹೊಡೆದಳು, ಒಂದೇ ಒಂದು, ಹತ್ತಿರದಿಂದ, ಕೈಗುರುತಿನದಷ್ಟೇ, ಪಕ್ಕದಲ್ಲಿ ಅಳತೆಪಟ್ಟಿ ಇಡದೆ. ಮೊದಲ ವಾರದ ಪಾಠ ಅದು, ಅಳತೆಪಟ್ಟಿ ಇಲ್ಲದ ಫೋಟೋ ನೆನಪಿಗೆ ಆಗುತ್ತೆ, ದಾಖಲೆಗೆ ಆಗಲ್ಲ, ಮುಟ್ಟಬೇಡಿ ಮೇಡಂ ಅಂತ ಕ್ಲಾಸಿನವರೆಲ್ಲ ಅಡ್ಡಹೆಸರಿಟ್ಟ ಮೇಡಂ ಬೋರ್ಡಿನ ಮೇಲೆ ಬರೆಸಿ ಹೇಳಿದ ಮಾತು, ವಸ್ತು ಕೈಗೆ ಬಂದ ಕೂಡಲೇ ಏನ್ ಮಾಡ್ಬೇಕು ಹೇಳಿ, ಅಳೀಬೇಕು ಮೇಡಂ, ಏನ್ ಮಾಡ್ಬಾರ್ದು, ತೊಳೀಬಾರ್ದು ಮೇಡಂ, ಇನ್ನೇನ್ ಮಾಡ್ಬಾರ್ದು, ಮನೆಗೆ ಒಯ್ಯಬಾರ್ದು ಮೇಡಂ. ಕೋರಸ್ಸಿನಲ್ಲಿ ಅವಳ ದನಿಯೇ ಜೋರಾಗಿತ್ತು. ತೊಳೆಯಲ್ಲ ಅಲ್ವಾ ಮಗಳೇ, ದೊಡ್ಡಕ್ಕನೂ ಬಾಗಿಲವರೆಗೆ ಬಂದು ಅದನ್ನೇ ಕೇಳಿದ್ದರು, ಅಯ್ಯೋ ದೊಡ್ಡಕ್ಕ, ನಾವು ಓದೋದೇ ಅದನ್ನ, ನೀವು ನೆಮ್ಮದಿಯಾಗಿರಿ.

ಓದೋದೇ ಅದನ್ನ. ಅರ್ಧ ದಾರಿಯಲ್ಲಿ ಸ್ಕೂಲಿಂದ ಫೋನು, ಮಗುವಿಗೆ ಮೈ ಸುಡ್ತಿದೆ ಕರ್ಕೊಂಡು ಹೋಗಿ, ವಿಭಾಗಕ್ಕೆ ಹೋಗಿ ಏಪ್ರನ್ ಒಪ್ಪಿಸಬೇಕಾದವಳು ಬಸ್ಸು ಬದಲಿಸಿದಳು, ಆಸ್ಪತ್ರೆ, ಔಷಧಿ, ಮಗು ತೊಡೆಯ ಮೇಲೆ, ಏಪ್ರನ್ ಕುರ್ಚಿಯ ಬೆನ್ನಿನ ಮೇಲೆ, ಒಂದು ರಾತ್ರಿ ತಾನೇ, ಬೆಳಿಗ್ಗೆ ಕೊಟ್ಟರಾಯಿತು. ಬೆಳಿಗ್ಗೆ ಎದ್ದರೆ ಕುರ್ಚಿ ಬರಿದು. ಹಿತ್ತಲಿನ ತಂತಿಯ ಮೇಲೆ ಮಗಳ ಯೂನಿಫಾರ್ಮು, ಗಂಡನ ಅಂಗಿ, ನಡುವೆ ಬಿಸಿಲಿಗೆ ಹೊಳೆಯುತ್ತಾ ಅದು, ಎರಡು ಕ್ಲಿಪ್ಪು ಹಾಕಿಸಿಕೊಂಡು, ಮೀಯಿಸಿದ ಮಗುವಿನಷ್ಟು ಚೊಕ್ಕ. ಅತ್ತೆ ಬಕೆಟ್ ಬೋರಲು ಹಾಕುತ್ತಿದ್ದರು, ಎದ್ಯಾ, ಮಗೂಗೆ ಜ್ವರ ಬಿಟ್ಟಿದೆ, ಇನ್ನೊಂಚೂರು ಮಲ್ಕೋಬಾರ್ದಾ, ಅಲ್ಲಮ್ಮ, ನಾಲ್ಕು ಜನ ನೋಡೋ ಕಡೆ ಇಡೋ ಬಟ್ಟೆನ ಹೀಗಾ ಕೊಳಕಾಗಿ ಕೊಡೋದು, ಆ ಕಲೆ ಏನು ಸಾಮಾನ್ಯದ್ದಾ, ಸೋಪಿಗೆ ಬಗ್ಗಲಿಲ್ಲ, ಕೊನೆಗೆ ಬ್ಲೀಚಿಂಗ್ ಪುಡಿ ಹಾಕಿ ನೆನೆಸಿ ಬ್ರಷ್ ಹಾಕ್ದೆ ನೋಡು, ಆಗ ಬಿಡ್ತು. ಆ ಮುಖದಲ್ಲಿ ಎಂಥ ಸಂತೋಷ. ಎರಡು ವರ್ಷ ಸೊಸೆ ಪುಸ್ತಕ ಹಿಡಿದಿದ್ದಾಗ ಒಲೆ, ಮಗು, ಬಟ್ಟೆ ಎಲ್ಲ ತಾವೇ ಹೊತ್ತವರು, ಒಂದು ದಿನವೂ ಅವಳ ಓದಿಗೆ ತಾವು ಕೈ ಹಾಕಿದ ಹಾಗೆ ಅನಿಸಿರಲಿಲ್ಲವಂತೆ, ಇದೊಂದಾದ್ರೂ ಮಾಡಿಕೊಟ್ನಲ್ಲ, ಅಂದರು. ಚೆನ್ನಾಗಿದೆ ಅತ್ತೆ, ಅಂದಳು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಮೇಡಂಗೆ ಹೇಳಬೇಕಿತ್ತು, ದೊಡ್ಡಕ್ಕನ ಕಾಲಿಗೆ ಬೀಳಬೇಕಿತ್ತು, ಮಾಡಿದ್ದು ಏನು, ಅಂಗಡಿಯಿಂದ ಬಟ್ಟೆ ಬಣ್ಣದ ಪುಡಿ ತಂದು ಫೋಟೋದ ನೀಲಿಗೆ ನೀಲಿ ಕೂಡಿಸಿ, ಹಳೇ ದಿಂಬಿನ ಚೀಲದ ಮೇಲೆ ಒತ್ತಿ ಒತ್ತಿ ನೋಡಿ, ಕೊನೆಗೆ ಉಸಿರು ಬಿಗಿಹಿಡಿದು ಏಪ್ರನ್ ಮೇಲೆ, ಬೆರಳು ಬಿಡಿಸಿ, ಫೋಟೋದಲ್ಲಿ ಇದ್ದ ಹಾಗೆಯೇ ಕಿರುಬೆರಳು ಒಂಚೂರು ಓರೆ. ಎತ್ತಿ ನೋಡಿದರೆ ತದ್ರೂಪು. ಕೈಯ ಅಳತೆ ಮಾತ್ರ ಫೋಟೋ ಹೇಳಲಿಲ್ಲ, ಹೇಳುವ ಪಟ್ಟಿಯನ್ನೇ ಅವಳು ಇಟ್ಟಿರಲಿಲ್ಲ. ಮೇಡಂ ಬಗ್ಗಿ ನೋಡಿದರು, ಆಮೇಲೆ, ಇದನ್ನ ನಡುವೆ ಇಡೋಣ, ಅಂದರು, ಅಷ್ಟೆ.

ಬಾಗಿಲು ತೆರೆದರು, ಜನ ಬಂದರು, ಚಪ್ಪಲಿ ಸದ್ದು, ಕೆಮ್ಮು, ಒಬ್ಬಾಕೆ ಹಳೇ ನೂಲಿನ ರಾಟೆಯ ಹತ್ತಿರ ಬಾಗಿ, ಇದು ನಿಜವಾದ್ದಾ, ಅಂತ ಕೇಳುತ್ತಾಳೆ, ಇಲ್ಲ ನೋಡಿ ಇಲ್ಲಿ ಬರೆದಿದೆ, ಇವಳ ಸಹಪಾಠಿ ಚೀಟಿ ತೋರಿಸುತ್ತಾಳೆ, ನಕಲು. ಈ ಹಾಲಿನಲ್ಲಿ ನಕಲಿಗೆಲ್ಲ ನಕಲು ಅಂತ ಚೀಟಿ ಇದೆ, ಅದೂ ಪಾಠ, ನೋಡುವವರಿಗೆ ಸುಳ್ಳು ಹೇಳಬಾರದು, ಆ ಚೀಟಿಗಳನ್ನು ಕತ್ತರಿಸಿದವಳೂ ಇವಳೇ, ಒಂದು ಮಿಕ್ಕಿದೆ, ಬೆಳಿಗ್ಗೆಯಿಂದ ಬಲ ಮುಷ್ಟಿಯಲ್ಲಿ ಮುದುಡಿ ಮೆತ್ತಗಾಗಿದೆ, ಎರಡು ಹೆಜ್ಜೆ ಹೋಗಿ ಪೆಟ್ಟಿಗೆಯ ಅಂಚಿಗೆ ಇಟ್ಟರೆ ಮುಗಿಯಿತು, ಇಟ್ಟರೆ ಓದು ಮುಗಿಯಿತು, ಅತ್ತೆಗೆ ತಾವು ಮಾಡಿದ್ದು ಏನೆಂದು ಗೊತ್ತಾಗುತ್ತದೆ, ದೊಡ್ಡಕ್ಕನಿಗೆ ತಂಗಿ ಇನ್ನೊಂದು ಸಲ ಸಾಯುತ್ತಾಳೆ — ಇಡದಿದ್ದರೆ ಯಾರಿಗೆ ನಷ್ಟ, ಯಾರಿಗೂ ಇಲ್ಲ, ಯಾರಿಗೂ ಇಲ್ಲವೇ, ಅಗೋ ಬಂದರು. ತಿಳಿ ಹಳದಿ ಸೀರೆ, ಕೈಯಲ್ಲಿ ಕೋಲು, ಮೇಡಂ ತಾವೇ ತೋಳು ಹಿಡಿದು ಕರೆತರುತ್ತಿದ್ದಾರೆ, ಜನ ದಾರಿ ಬಿಡುತ್ತಾರೆ. ಬಾ ಇಲ್ಲಿ, ದೂರ ಯಾಕೆ ನಿಂತಿದ್ದೀಯ, ನೀನೇ ಅಲ್ವಾ ತಂದವಳು, ದೊಡ್ಡಕ್ಕ ಪಕ್ಕಕ್ಕೆ ಎಳೆದುಕೊಂಡರು, ಅವರ ಮೈಯಿಂದ ಪೌಡರಿನ ವಾಸನೆ. ಎಷ್ಟು ಚೆಂದ ಇಟ್ಟಿದ್ದೀರಮ್ಮ, ದೀಪ ಎಲ್ಲ ಹಾಕಿ, ಇವಳಿಗೆ ಇಂಥ ಮೆರವಣಿಗೆ ಅಂದ್ರೆ ಆಗೋದು, ಕನ್ನಡಿ ಕಂಡ್ರೆ ಬಿಡ್ತಿರ್ಲಿಲ್ಲ ಮೂದೇವಿ. ಕೋಲನ್ನು ಅವಳ ಕೈಗೆ ಕೊಟ್ಟು ದೊಡ್ಡಕ್ಕ ತಮ್ಮ ಎಡಗೈಯನ್ನು ಗಾಜಿನ ಮೇಲೆ ಇಡುತ್ತಾರೆ, ಬೆರಳಿಗೆ ಬೆರಳು, ಹೆಬ್ಬೆರಳಿಗೆ ಹೆಬ್ಬೆರಳು, ಇಡುತ್ತಾರೆ, ನೀಲಿ ಮುಚ್ಚುವುದಿಲ್ಲ. ಸುತ್ತಲೂ ಹೊರಗೆ ಉಳಿದಿದೆ. ಕೈ ಸರಿಸಿ ಮತ್ತೆ ಇಡುತ್ತಾರೆ, ಮತ್ತೆ ಉಳಿದಿದೆ. ಈಗ ತಿರುಗುತ್ತಾರೆ, ಈಗ ಕೇಳುತ್ತಾರೆ, ಕೇಳಲಿ, ಕೇಳಿಬಿಡಲಿ, ಕೇಳಿದರೆ ಹೇಳಿಬಿಡುತ್ತೇನೆ ದೇವರೇ. ನೋಡಿದ್ಯಾ ಮಗಳೇ, ದೊಡ್ಡಕ್ಕ ಗಾಜಿಗೇ ಹೇಳುತ್ತಿದ್ದಾರೆ, ನನ್ನ ಕೈ ಸಣ್ಣದಾಗಿಹೋಗಿದೆ, ವಯಸ್ಸಾದ್ರೆ ಮೂಳೆನೂ ಕುಗ್ಗುತ್ತಂತೆ, ಅವತ್ತು ನಿನ್ನ ಮುಂದೆ ಇಟ್ಟಾಗ ಸರಿಯಿತ್ತಲ್ಲ, ಕಣ್ಣು ಮಂಜು, ಕಂಡಿರ್ಲಿಲ್ಲವೇನೋ, ಅವಳದು ಹಾಗೇ ಇದೆ ನೋಡು, ಬೆಳೆದಿದ್ದಾಳೆ ಅನ್ಸುತ್ತೆ, ಇನ್ಮೇಲೆ ಅವಳೇ ಅಕ್ಕ, ನಾನು ತಂಗಿ. ನಗುತ್ತಿದ್ದಾರೆ, ಕೆನ್ನೆ ಒದ್ದೆ. ದೊಡ್ಡಕ್ಕ, ಅಂದಳು. ಏನು ಮಗಳೇ. ದೊಡ್ಡಕ್ಕ. ಮುಷ್ಟಿಯೊಳಗೆ ಚೀಟಿ, ಬಾಯಿ ತೆರೆದೇ ಇದೆ, ಹಾಲಿನ ಸದ್ದೆಲ್ಲ ಎಲ್ಲೋ ಹೋಗಿ, ಗಾಜಿನ ಮೇಲೆ ಆ ಸುಕ್ಕು ಬೆರಳುಗಳು, ಅವುಗಳ ಸುತ್ತ ಒಂದು ಗೆರೆ ನೀಲಿ, ಹೆಬ್ಬೆರಳಿನ ಸುತ್ತ, ಓರೆ ಕಿರುಬೆರಳಿನ ಸುತ್ತ, ಒಂದು ಗೆರೆ ನೀಲಿ, ಒಂದು ಗೆರೆ