ಟ್ರೇಯಲ್ಲಿ ಖಾಲಿ ಗುಳಿ

ಆಪರೇಷನ್ ಥಿಯೇಟರಿನ ಸಾಮಾನು ನೋಡಿಕೊಳ್ಳುವ ಆಕೆಯನ್ನು ಆಸ್ಪತ್ರೆಯವರೆಲ್ಲ ಅಚ್ಚುಕಟ್ಟಮ್ಮ ಅನ್ನುತ್ತಿದ್ದರು. ಬೆನ್ನ ಹಿಂದೆ ಆಡಿಕೊಳ್ಳಲು ಇಟ್ಟ ಹೆಸರು. ಆಕೆಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಬೆನ್ನುಮೂಳೆಗೆ ಹಾಕುವ ಸ್ಕ್ರೂಗಳ ಟ್ರೇಯಲ್ಲಿ ಒಂದೇ ಒಂದು ಗುಳಿ ಖಾಲಿ ಕಂಡರೂ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಹೊಸ ಪೊಟ್ಟಣ ಒಡೆದು ತುಂಬಿಬಿಡುವಳು. ಪೊಟ್ಟಣದ ಬ್ಯಾಚ್ ನಂಬರಿನ ಚೀಟಿಯನ್ನು ಆ ದಿನ ಆಪರೇಷನ್ ಆದವರ ಫೈಲಿಗೆ ಅಂಟಿಸುವಳು. ನಿಜಕ್ಕೂ ಯಾವ ಸ್ಕ್ರೂ ಯಾರ ಬೆನ್ನಿಗೆ ಹೋಯಿತೆಂದು ಕೇಳಿದ ಪುಣ್ಯಾತ್ಮರು ಒಬ್ಬರೂ ಇಲ್ಲ.

ಆ ಬೆಳಿಗ್ಗೆ ಕಂಪನಿಯಿಂದ ಕಾಗದ ಬಂತು. ಬೆನ್ನುಮೂಳೆಗೆ ಆಸರೆಯಾಗಿ ಕೂರಿಸುವ ಸರಳನ್ನು ಬಿಗಿಹಿಡಿಯುವ ಸ್ಕ್ರೂಗಳಲ್ಲಿ ನಲವತ್ತೇಳನೇ ಬ್ಯಾಚಿನವು ತಾವಾಗಿಯೇ ಸಡಿಲವಾಗುತ್ತಿವೆ, ಸರಳು ಜಾರಿದರೆ ಕಾಲಿನ ಸ್ವಾಧೀನ ತಪ್ಪಬಹುದು, ಹಾಕಿಸಿಕೊಂಡವರನ್ನು ಕೂಡಲೇ ಕರೆಸಿ. ಆಕೆ ಮೊದಲು ಹುಡುಕಿದ್ದು ಅಲ್ಲೇ ಬೆನ್ನಿನ ಆಪರೇಷನ್ ಮಾಡಿಸಿಕೊಂಡಿದ್ದ ತನ್ನ ತಂಗಿಯ ಫೈಲನ್ನು, ಸುಳ್ಳೇಕೆ. ಅದರಲ್ಲಿ ಐವತ್ತೆರಡರ ಚೀಟಿ. ಹೋದ ಜೀವ ಬಂದಂತಾಯಿತು. ನಲವತ್ತೇಳರ ಚೀಟಿ ಇದ್ದದ್ದು ಒಂಬತ್ತು ಫೈಲುಗಳಲ್ಲಿ.

ಆಮೇಲೆ ಟ್ರೇ ನೆನಪಾಯಿತು. ಕಡಲೆಕಾಳಿನಷ್ಟು ಸ್ಕ್ರೂ, ಮೈಮೇಲೆ ನಂಬರಿಲ್ಲ. ನಲವತ್ತೇಳರಲ್ಲಿ ಮಿಕ್ಕವು, ಐವತ್ತೆರಡರವು, ಎಲ್ಲವನ್ನೂ ಒಂದೇ ಟ್ರೇಯಲ್ಲಿ ಸಾಲಾಗಿ ಜೋಡಿಸಿದ್ದು ಆಕೆಯೇ. ಆ ಟ್ರೇಯಿಂದ ಆಪರೇಷನ್ ಆದವರು ಅರವತ್ತಮೂರು ಜನ. ಬಗ್ಗಿದರೆ ಬೆನ್ನಲ್ಲಿ ಟಕ್ ಅನ್ನುತ್ತದೆಂದು ತಂಗಿ ಒಂದು ತಿಂಗಳಿಂದ ಹೇಳುತ್ತಿದ್ದಳು. "ಕೆಲಸ ಅಂದ್ರೆ ಮೊದಲಿಂದಲೂ ನಿನಗೆ ಮೈಗಳ್ಳತನ" ಎಂದು ಈಕೆಯೇ ಅವಳ ಬಾಯಿ ಮುಚ್ಚಿಸಿದ್ದಳು.

"ಒಂಬತ್ತೇ ಜನ, ಬಚಾವಾದ್ವಿ," ಎಂದ ಫೈಲುಗಳನ್ನು ಎಣಿಸಿದ ಆಸ್ಪತ್ರೆಯ ಮ್ಯಾನೇಜರು.

"ಅರವತ್ತಮೂರು ಸರ್," ಎಂದು ಆಕೆ ನಡೆದದ್ದನ್ನೆಲ್ಲ ಹೇಳಿದಳು.

ಆತ ಎದ್ದು ಬಾಗಿಲು ಹಾಕಿ ಬಂದ. "ಫೈಲಲ್ಲಿ ಒಂಬತ್ತಿದೆ. ಅರವತ್ತಮೂರು ಅಂದ್ರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ನಿಮ್ಮ ತಂಗೀನ ಸುಮ್ಮನೆ ಕರ್ಕೊಂಡು ಬನ್ನಿ, ಎಕ್ಸ್‌ರೇ ತೆಗೆಸೋಣ. ಉಳಿದೋರ ಉಸಾಬರಿ ನಿಮಗ್ಯಾಕೆ?"

ಕೆಟ್ಟವನೇನಲ್ಲ ಆತ, ಹೆದರಿದ್ದ. ಆ ಮಾತು ಒಂದು ಗಳಿಗೆ ಆಕೆಗೂ ಹಿತವಾಗಿತ್ತು; ಅದಕ್ಕೇ ಆಕೆಗೆ ತನ್ನ ಮೇಲೆ ಹೇಸಿಗೆಯಾಯಿತು. ಸ್ಟೋರ್ ರೂಮಿಗೆ ಬಂದು ಅರವತ್ತಮೂರು ಹೆಸರನ್ನೂ ದುಂಡಗೆ ಬರೆದು, ಯಾಕೆಂದು ಕಾರಣ ಬರೆದು, ಸಹಿ ಹಾಕಿ, ಸರ್ಜನ್‌ಗೂ ಕಂಪನಿಗೂ ಕಳಿಸಿದಳು. ಆಮೇಲೆ ಫೋನ್ ಎತ್ತಿಕೊಂಡಳು. ಪಟ್ಟಿಯಲ್ಲಿ ತಂಗಿ ನಲವತ್ತೊಂದನೆಯವಳು. ಜೀವನದಲ್ಲಿ ಮೊದಲ ಸಲ ಆಕೆ ಸಾಲು ತಪ್ಪಿಸಿದಳು.

"ಈಗಲೇ ಆಸ್ಪತ್ರೆಗೆ ಬಾ. ಬಗ್ಗಬೇಡ, ಏನೂ ಎತ್ತಬೇಡ. ನಿನ್ನ ಬೆನ್ನಲ್ಲಿರೋ ಸ್ಕ್ರೂ ಸಡಿಲ ಆಗಿರಬಹುದು. ಟ್ರೇಗೆ ತುಂಬಿದೋಳು ನಾನೇ ಕಣೇ."

ಬೈದುಬಿಡಲಿ ಎಂದು ಈಕೆ ಕಾದಳು.

"ಹಾಗಾದ್ರೆ ನಾನು ನಾಟಕ ಆಡ್ತಿರಲಿಲ್ಲ ಅಲ್ವಾ ಅಕ್ಕಾ?" ಎಂದಳು ತಂಗಿ. ದನಿಯಲ್ಲಿ ಸಮಾಧಾನವೇ ಇತ್ತು. "ಮೊನ್ನೆಯಿಂದ ಎಡಗಾಲು ಎತ್ತೋಕೇ ಬರ್ತಿಲ್ಲ. ನೀನು ಬೈತೀಯ ಅಂತ ಹೇಳಲಿಲ್ಲ."