ಗೆಣ್ಣಿಲ್ಲದ ಎಲೆ

ನಾನು ಹುಟ್ಟಿದ್ದು ಕತ್ತರಿಯಿಂದ. ಅದೂ ಕಳ್ಳತನದಲ್ಲಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾನು ಮನಿ ಪ್ಲಾಂಟಿನ ಒಂದು ಎಲೆ, ನಮ್ಮವರಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಹೀಗೆ. ಮನಿ ಪ್ಲಾಂಟನ್ನು ಕೇಳಿ ತಂದರೆ ಹಬ್ಬುವುದಿಲ್ಲ, ಕದ್ದು ತಂದರೇ ಚೆನ್ನಾಗಿ ಬರುತ್ತದೆ ಎಂದು ಜನ ನಂಬಿದ್ದಾರೆ. ಹಾಗಾಗಿ ಎಂಥ ಮರ್ಯಾದಸ್ಥರೂ ನಮ್ಮ ವಿಷಯದಲ್ಲಿ ಮಾತ್ರ ಸ್ವಲ್ಪ ಕೈಚಳಕ ತೋರಿಸುತ್ತಾರೆ.

ನನ್ನ ತಾಯಿಬಳ್ಳಿ ಇದ್ದದ್ದು ಮೈಸೂರಿನ ಒಂದು ಹಳೆಯ ವಠಾರದಲ್ಲಿ, ಟೈಲರ್ ಜಬೀನ್ ಅವರ ಕೆಳಮನೆಯ ಬಾಗಿಲ ಪಕ್ಕ. ಕಿಟಕಿಯ ಸರಳು ಹತ್ತಿ, ಬಾಗಿಲ ಚೌಕಟ್ಟು ಸುತ್ತಿ, ಹೊಲಿಗೆ ಮೆಷಿನ್ನಿನ ತಲೆಯ ಮೇಲೆ ಇಳಿಬಿದ್ದಿತ್ತು. ಮೆಷಿನ್ ಕಟಕಟ ಓಡಿದಾಗಲೆಲ್ಲ ಎಲೆಗಳೆಲ್ಲ ಒಟ್ಟಿಗೆ ನಡುಗುತ್ತಿದ್ದೆವು. ಒಟ್ಟಿಗೆ ಎನ್ನುವ ಮಾತಿನ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಮಹಡಿಯ ಮೇಲೆ ವಿಮಲಾಕ್ಷಿ ಇದ್ದರು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನ ಕೆಲಸ. ಮದುವೆಯಾಗಿರಲಿಲ್ಲ, ಒಬ್ಬರೇ. ಸಂಜೆ ಬಂದವರು ಮೇಲೆ ಹತ್ತುವ ಮೊದಲು ಜಬೀನರ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವುದು ಹನ್ನೊಂದು ವರ್ಷದ ವಾಡಿಕೆ. ಒಂದು ದಿನ ಅವರು ಬಾಲ್ಕನಿ ತೊಳೆದ ಕೊಳಕು ನೀರು, ಕೆಳಗೆ ಹ್ಯಾಂಗರಿನಲ್ಲಿ ತೂಗುತ್ತಿದ್ದ ಮದುಮಗಳ ರೇಷ್ಮೆ ರವಿಕೆಯ ಮೇಲೆ ಸುರಿಯಿತು. ಜಬೀನ್ ಮೂರು ದಿನ ಕೂತು ಒಂದೊಂದೇ ಮಣಿ ಹೊಲಿದ ರವಿಕೆ ಅದು.

"ಅಕ್ಕಾ, ಒಂದ್ಸಲ ಕೆಳಗೆ ನೋಡ್ಬಾರ್ದಿತ್ತಾ?" ಎಂದರು ಜಬೀನ್. 

"ಅಲ್ಲಿ ಯಾಕೆ ತೂಗಿ ಹಾಕ್ಬೇಕಿತ್ತು? ಅದೇನು ಬಟ್ಟೆ ಹಾಕೋ ಜಾಗಾನಾ?" ಎಂದುಬಿಟ್ಟರು ವಿಮಲಾಕ್ಷಿ.

ತಪ್ಪಾಯಿತು ಅನ್ನಬೇಕಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ಬಾಲ್ಕನಿಯ ಬಾಗಿಲು ಹಾಕಿಕೊಂಡು ಒಳಗೆ ಹೋದರು. ಆಮೇಲೆ ಎರಡು ವರ್ಷ ಅವರು ಆ ಮೆಟ್ಟಿಲು ದಾಟುವಾಗಲೆಲ್ಲ, ಕೈಚೀಲದಲ್ಲಿ ಬೀಗದ ಕೈ ಹುಡುಕುವವರ ಹಾಗೆ ತಲೆ ತಗ್ಗಿಸಿಕೊಂಡೇ ಹೋದರು. ನಾವು ಎಲೆಗಳು ಮೇಲಿನಿಂದ ನೋಡುತ್ತಿದ್ದೆವು. ಬೀಗದ ಕೈ ಅವರ ಇನ್ನೊಂದು ಕೈಯಲ್ಲೇ ಇರುತ್ತಿತ್ತು.

ಜಬೀನ್ ನಂಜನಗೂಡಿನಲ್ಲಿ ತಂಗಿಯ ಮನೆಯ ಹತ್ತಿರ ಅಂಗಡಿ ಹಾಕುವುದೆಂದು ನಿಶ್ಚಯವಾಯಿತು. ಸಾಮಾನಿನ ಆಟೋ ಬಂದು ನಿಂತಿದ್ದ ಬೆಳಿಗ್ಗೆ, ಬಾಗಿಲಲ್ಲಿ ಯಾರೂ ಇಲ್ಲದ್ದನ್ನು ನೋಡಿ ವಿಮಲಾಕ್ಷಿ ಇಳಿದು ಬಂದರು. ಕೈಯಲ್ಲಿ ಪಾರ್ಸೆಲ್ಲಿನ ದಾರ ಕತ್ತರಿಸುವ ಕತ್ತರಿ. ಕೇಳಲು ಬಾಯಿ ಬಾರದವರಿಗೆ ಕದಿಯುವ ಪದ್ಧತಿ ಎಷ್ಟು ಅನುಕೂಲ ನೋಡಿ! ಗಡಿಬಿಡಿಯಲ್ಲಿ ಕಚಕ್ ಎಂದು ನನ್ನನ್ನು ಕತ್ತರಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಓಡಿದರು.

ತಪ್ಪಾದದ್ದು ಅಲ್ಲೇ. ನಮ್ಮ ಬಳ್ಳಿಯಲ್ಲಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಒಂದು ಗೆಣ್ಣು ಇರುತ್ತದೆ, ಕಬ್ಬಿಗಿರುವ ಹಾಗೆ. ಹೊಸ ಚಿಗುರು ಒಡೆಯುವುದು ಆ ಗೆಣ್ಣಿನಿಂದ ಮಾತ್ರ. ಕತ್ತರಿಸುವವರು ಅದರ ಕೆಳಗೆ ಕತ್ತರಿಸಬೇಕು. ವಿಮಲಾಕ್ಷಿ ಮೇಲೆ ಕತ್ತರಿಸಿದರು. ಗೆಣ್ಣು ಅಮ್ಮನ ಹತ್ತಿರವೇ ಉಳಿಯಿತು. ನನ್ನ ಪಾಲಿಗೆ ಬಂದದ್ದು ಒಂದು ತೊಟ್ಟು ಮತ್ತು ನಾನು.

ಅವರು ನನ್ನನ್ನು ಜಾಮ್ ಬಾಟಲಿಯ ನೀರಿನಲ್ಲಿ ನಿಲ್ಲಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಕೆಳಗೆ ಆಟೋ ಹೊರಟ ಸದ್ದು ಕೇಳಿಸಿತು.

"ಒಂದೇ ಒಂದು ಚಿಗುರು ಬಿಡು ಸಾಕು," ಎಂದರು ನನಗೆ. "ಬಿಟ್ಟ ದಿನ ನಿನ್ನನ್ನ ಎತ್ಕೊಂಡು ಹೋಗಿ ಅವಳಿಗೆ ತೋರಿಸ್ತೀನಿ. ತಪ್ಪಾಯ್ತು ಅಂತೀನಿ."

ನನಗೆ ಬಾಯಿ ಇದ್ದಿದ್ದರೆ ಆಗಲೇ ಹೇಳುತ್ತಿದ್ದೆ.

ಇಪ್ಪತ್ತನೆಯ ದಿನ ನನಗೆ ಬೇರು ಬಂತು. ಬೇರಿಗೇನೂ ಬರವಿಲ್ಲ, ತೊಟ್ಟಿನ ತುದಿಯಿಂದಲೇ ಬರುತ್ತದೆ. ವಿಮಲಾಕ್ಷಿ ಹಿಗ್ಗಿಹೋದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದರು, ಫೋನಿನಲ್ಲಿ ಜಬೀನರ ಹೆಸರು ತೆರೆದು ಏನೋ ಬರೆದರು, ಅಳಿಸಿದರು. "ಬರೀ ಬೇರನ್ನೇನು ತೋರಿಸೋದು? ಚಿಗುರು ಬರ್ಲಿ," ಎಂದರು.

ಆಮೇಲೆ ಉಪಚಾರ ಶುರುವಾಯಿತು. ಕಚೇರಿಯಲ್ಲಿ ಯಾರೋ ಅಕ್ಕಿ ತೊಳೆದ ನೀರು ಹಾಕಿ ಎಂದರು. ಮೂರು ದಿನಕ್ಕೆ ಬಾಟಲಿ ನಾರತೊಡಗಿತು, ಪುಣ್ಯಕ್ಕೆ ನಾನು ಬದುಕಿಕೊಂಡೆ. ಇನ್ನೊಬ್ಬರು ಟೀ ಡಿಕಾಕ್ಷನ್ ಎಂದರು. ಅದನ್ನೂ ಕುಡಿದೆ. ಪ್ರತಿ ಶುಕ್ರವಾರ ತಲೆಗೆ ಸ್ನಾನ ಮಾಡಿದ ಮೇಲೆ ನನ್ನ ನೀರು ಬದಲಿಸಿ, ತೊಟ್ಟಿನ ಬುಡವನ್ನು ಕನ್ನಡಕ ಏರಿಸಿ ನೋಡುತ್ತಿದ್ದರು. ಏನೂ ಇಲ್ಲ. ಬಾಟಲಿ ಮತ್ತೆ ಕಿಟಕಿಗೆ.

ಹೀಗೆ ನಾಲ್ಕು ವರ್ಷ. ನನ್ನ ಬೇರುಗಳು ಬಾಟಲಿಯ ತಳದಲ್ಲಿ ಸುತ್ತಿ ಸುತ್ತಿ ಮುದ್ದೆಯಾದವು. ಕೆಳಮನೆಗೆ ಬೇರೆಯವರು ಬಂದರು, ಮೆಷಿನ್ ಸದ್ದು ಬರಲಿಲ್ಲ. ಸಂಜೆ ದೀಪ ಹಾಕಿದಾಗ ಕಿಟಕಿಯ ಗಾಜಿನಲ್ಲಿ ಇನ್ನೊಂದು ಎಲೆ ಕಾಣುತ್ತಿತ್ತು. ಮೊದಮೊದಲು ನಮ್ಮವರೇ ಯಾರೋ ಎಂದುಕೊಂಡಿದ್ದೆ. ವಿಮಲಾಕ್ಷಿ ಒಂದು ಲೋಟ ಟೀ ಹಿಡಿದು ನನ್ನ ಪಕ್ಕ ನಿಂತು, ಆ ಖಾಲಿ ಮೆಟ್ಟಿಲನ್ನು ನೋಡುತ್ತ ಕುಡಿಯುತ್ತಿದ್ದರು. ನಾನು ಒಂಟಿ, ಅವರು ಒಂಟಿ. ಆದರೂ ಒಬ್ಬರಿಗೊಬ್ಬರು ಜೊತೆಯಾಗಲಿಲ್ಲ. ಅವರು ನನ್ನನ್ನು ನೋಡಿದಾಗಲೆಲ್ಲ ನನ್ನಲ್ಲಿ ಇಲ್ಲದ್ದನ್ನೇ ಹುಡುಕುತ್ತಿದ್ದರು. ಅದರಿಂದ ನನಗೆ ತುಂಬ ನೋವಾಗುತ್ತಿತ್ತು.

ನಾಲ್ಕನೆಯ ವರ್ಷದ ಒಂದು ಶುಕ್ರವಾರ ನನ್ನ ಅಂಚು ಹಳದಿಯಾಗಿತ್ತು. ವಿಮಲಾಕ್ಷಿ ಬೆರಳಿನಿಂದ ಒರೆಸಿ ನೋಡಿದರು. ಹೋಗಲಿಲ್ಲ. ಭಾನುವಾರದ ಹೊತ್ತಿಗೆ ಅದು ಅರ್ಧ ಎಲೆಗೆ ಹರಡಿತ್ತು. ಅವರು ಸೀರೆ ಬದಲಿಸಿದರು. ಆಮೇಲೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ನನ್ನನ್ನು ಮಡಿಲಲ್ಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದರು.

ಅಂಗಡಿಯ ಹೊಸ್ತಿಲಲ್ಲೇ ಮೆಷಿನ್ ಸದ್ದು ಕೇಳಿಸಿತು. ಸಾಮಾನಿನ ಆಟೋದಲ್ಲಿ ಬಂದಿದ್ದ ಅಮ್ಮನೂ ಅಲ್ಲೇ ಇದ್ದಳು, ಗೋಡೆಯ ತುಂಬ ಹಬ್ಬಿಕೊಂಡು. ನೂರಾರು ಎಲೆಗಳು ಒಟ್ಟಿಗೆ ನಡುಗುತ್ತಿದ್ದವು. ನನ್ನನ್ನು ಯಾರೂ ಗುರುತಿಸಲಿಲ್ಲ.

ಜಬೀನ್ ಮೆಷಿನ್ ನಿಲ್ಲಿಸಿದರು. ವಿಮಲಾಕ್ಷಿ ಬಾಟಲಿ ಮುಂದೆ ಹಿಡಿದರು.

"ಇದು ಸಾಯ್ತಾ ಇದೆ ಜಬೀನ್. ನಿನ್ನ ಗಿಡದ್ದೇ. ಕದ್ದಿದ್ದೆ."

"ಗೊತ್ತು ಅಕ್ಕಾ. ಪರದೆ ಹಿಂದೆ ನಿಂತು ನೋಡಿದ್ದೆ. ಗಿಡ ಆದ್ಮೇಲೆ ಬಂದು ಹೇಳ್ತೀರಿ ಅಂತ ಕಾಯ್ತಾನೇ ಇದ್ದೆ." ಜಬೀನ್ ನನ್ನನ್ನು ನೀರಿನಿಂದ ಎತ್ತಿ ತಿರುಗಿಸಿದರು. "ಅಯ್ಯೋ, ಇದ್ರಲ್ಲಿ ಗೆಣ್ಣೇ ಇಲ್ವಲ್ಲಾ! ನೂರು ವರ್ಷ ಇಟ್ಕೊಂಡ್ರೂ ಇದು ಚಿಗುರಲ್ಲ ಅಕ್ಕಾ."

ವಿಮಲಾಕ್ಷಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. "ಬಾರದೇ ಇರೋದಕ್ಕೆ ಕಾಯ್ತಾ ಕೂತಿದ್ನಾ ನಾನು?" ಎಂದರು. ಕಣ್ಣು ತುಂಬಿತ್ತು. "ತಪ್ಪಾಯ್ತು ಜಬೀನ್. ಆ ರವಿಕೆ... ನಾನು ಹಾಗೆ ಅನ್ಬಾರ್ದಿತ್ತು."

"ಆರು ವರ್ಷ ಬೇಕಾಯ್ತಾ ಅಕ್ಕಾ?" ಎಂದರು ಜಬೀನ್.

ಆಮೇಲೆ ಅವರು ಮೇಜಿನ ಮೇಲಿದ್ದ ತಮ್ಮ ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡರು. ಅಲಗು ಮೊಂಡಾಗುತ್ತದೆಂದು ಆ ಕತ್ತರಿಯಿಂದ ಒಂದು ಕಾಗದ ಕತ್ತರಿಸಲೂ ಯಾರನ್ನೂ ಬಿಟ್ಟವರಲ್ಲ ಜಬೀನ್. ಅದನ್ನು ವಿಮಲಾಕ್ಷಿಯ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತರು.

"ನಾನು ನೋಡ್ತಾ ಇಲ್ಲ. ಕದ್ಕೊಳ್ಳಿ. ಈ ಸಲ ಗೆಣ್ಣಿನ ಕೆಳಗೆ."

ಹೊಸ ಬಳ್ಳಿತುಂಡು ನನ್ನ ಬಾಟಲಿಯಲ್ಲೇ ಮೈಸೂರಿಗೆ ಬಂತು. ಬೆಳಕಿನ ಕಡೆ ಮುಖ ಮಾಡಿ, ನನಗೆ ಬೆನ್ನು ತಿರುಗಿಸಿ ನಿಂತಿತು. ತಿಂಗಳೊಳಗೆ ಗೆಣ್ಣು ಒಡೆದು, ಬತ್ತಿಯ ಹಾಗೆ ಸುರುಳಿ ಸುತ್ತಿದ ಚಿಗುರು ಹೊರಬಂತು. "ಬಂತು ಕಣೇ ಜಬೀನ್, ಬಂತು!" ಎಂದು ವಿಮಲಾಕ್ಷಿ ಫೋನಿನಲ್ಲಿ ಕೂಗಿದರು. ಫೋಟೋಗೆ ಅಡ್ಡವಾಗಿದ್ದ ನನ್ನನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಆ ಚಿಗುರು ನನ್ನದಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಈಗ ನಾನು ಕುಂಡದ ಮಣ್ಣಿನಲ್ಲಿದ್ದೇನೆ. ತೊಟ್ಟು ಕಳಚಿದ ದಿನ ವಿಮಲಾಕ್ಷಿ ನನ್ನನ್ನು ಕಸಕ್ಕೆ ಹಾಕದೆ, ಕುಂಡದಲ್ಲಿ ನೆಟ್ಟಿದ್ದ ಹೊಸ ಗಿಡದ ಬುಡದಲ್ಲಿಟ್ಟು ಒಂದು ಹಿಡಿ ಮಣ್ಣು ಮುಚ್ಚಿದರು. ಭಾನುವಾರ ಕೆಲವೊಮ್ಮೆ ಮೇಲೆ ಎರಡು ಲೋಟಗಳ ಸದ್ದು ಕೇಳಿಸುತ್ತದೆ. ಇಲ್ಲಿ ಕತ್ತಲೆ, ಯೋಚಿಸಲು ಬೇಕಾದಷ್ಟು ಹೊತ್ತು. ನಾಲ್ಕು ವರ್ಷ ಹಸಿರಾಗಿದ್ದು ನಾನು ಅವರನ್ನು ಕಿಟಕಿಯ ಹತ್ತಿರವೇ ನಿಲ್ಲಿಸಿಕೊಂಡೆ. ನಾನು ಅವರಿಗೆ ಮಾಡಿದ ಉಪಕಾರ ಒಂದೇ, ಹಳದಿಯಾದದ್ದು.

ನಿನ್ನೆ ಹೊಸ ಗಿಡದ ಒಂದು ಬಿಳಿ ಬೇರು ಮಣ್ಣಿನಲ್ಲಿ ತಡವರಿಸುತ್ತ ಬಂದು ನನ್ನನ್ನು ಮುಟ್ಟಿತು. ಕತ್ತರಿ ಬಿದ್ದ ದಿನದಿಂದ ನಮ್ಮವರೊಬ್ಬರು ತಾವಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು.