ಎಬ್ಬಿಸದೆ ಎದ್ದ ಕಿಣ್ವ

ಅವಳು ವರ್ಷಗಳಿಂದ ಒಂದೇ ಪ್ರಯೋಗದಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಮೊಟ್ಟೆಯೊಳಗೆ ಕೋಳಿಮರಿ ಬೆಳೆಯುವಾಗ ಒಂದು ಕಣ್ಣಿನ ನರಗಳು ಮಿದುಳಿನ ಎದುರು ಬದಿಗೆ ಹೋಗಿ ಸೇರುತ್ತವೆ. ಅಲ್ಲಿ ಜೀವಕೋಶಗಳೊಳಗೆ ಸಂದೇಶ ದಾಟಿಸುವ ಒಂದು ಕಿಣ್ವವಿದೆ. ಕಣ್ಣಿನ ನರ ಬಂದು ಮುಟ್ಟಿದರೆ ಮಾತ್ರ ಅದು ಎದ್ದು ಚುರುಕಾಗುತ್ತದೆ ಎಂಬುದು ಅವಳ ಪಿಎಚ್‌ಡಿ ಗೈಡ್ ಮೇಡಂ ಅವರ ಸಿದ್ಧಾಂತ. ಅವರ ಹೆಸರು, ಕುರ್ಚಿ ಎಲ್ಲ ಅದರ ಮೇಲೆಯೇ ನಿಂತಿದ್ದವು. ಎಳೆಯ ಭ್ರೂಣದ ಒಂದು ಕಣ್ಣಿನ ಮೊಳಕೆಯನ್ನು ತೆಗೆದರೆ ಎದುರು ಬದಿಯ ಕಿಣ್ವ ಮಂಕಾಗಬೇಕಿತ್ತು. ಎಷ್ಟು ಸಲ ಮಾಡಿದರೂ ಎರಡೂ ಬದಿ ಒಂದೇ ಸಮ ಚುರುಕು.

"ನಿನ್ನ ಕೈ ಸರಿಯಿಲ್ಲ. ಇನ್ನೊಂದ್ಸಲ ಮಾಡು," ಎನ್ನುತ್ತಿದ್ದರು ಮೇಡಂ. ಅವರ ಸಹಿಯಿಲ್ಲದೆ ಪದವಿಯಿಲ್ಲ; ಅವರಿಗೆ ಬೇಕಾದ ಫಲಿತಾಂಶವಿಲ್ಲದೆ ಸಹಿಯಿಲ್ಲ. ಮನೆಯಲ್ಲಿ ಅಮ್ಮನ ವರಾತ ಬೇರೆ: "ಮರಿಗಳೆಲ್ಲ ಮೂರೇ ವಾರಕ್ಕೆ ಹೊರಗೆ ಬರ್ತವೆ. ನೀನು ಯಾವಾಗಮ್ಮ ಬರೋದು?"

ಒಂದು ರಜಾದಿನ ಮಧ್ಯಾಹ್ನ ಮಾದರಿ ತರಲು ಅವಳು ಶೀತಕೋಣೆಗೆ ಹೋದಳು. ಮೇಡಂ ಬೈಯುತ್ತಲೇ ಹಿಂದೆ ಬಂದರು. ದಪ್ಪ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ತೆರೆಯಲು ಹೋದರೆ ಹಿಡಿಯೇ ಕಿತ್ತು ಅವಳ ಕೈಗೆ ಬಂತು. ಇಬ್ಬರ ಫೋನುಗಳೂ ಹೊರಗಿನ ಮೇಜಿನ ಮೇಲಿದ್ದವು.

ಬಡಿದರು, ಕೂಗಿದರು. ಯಾರೂ ಬರಲಿಲ್ಲ. ಮೇಡಂ ಅವರ ಹಲ್ಲು ಕಟಕಟ ಎನ್ನತೊಡಗಿದಾಗ ಅವಳು ತನ್ನ ಸ್ವೆಟರ್ ಬಿಚ್ಚಿ ಅವರಿಗೆ ಹೊದಿಸಿದಳು.

"ನಿನಗೆ?"

"ನನಗಿಲ್ಲಿ ನಿಂತು ಅಭ್ಯಾಸ ಆಗಿದೆ ಮೇಡಂ."

ಅವರು ಸ್ವೆಟರನ್ನು ಬಿಗಿಯಾಗಿ ಎಳೆದುಕೊಂಡರು. ಅವಳಿಗೆ ಧೈರ್ಯ ಬಂತು. ಎದ್ದು ಹೋಗಲು ಅವರಿಗೂ ದಾರಿಯಿರಲಿಲ್ಲವಲ್ಲ.

"ನನ್ನ ಕೈ ಸರಿಯಾಗೇ ಇದೆ. ಕಣ್ಣು ಇದ್ರೂ, ಇಲ್ದಿದ್ರೂ ಕಿಣ್ವ ಏಳುತ್ತೆ. ನಿಮಗೂ ಗೊತ್ತು ಅನ್ಸುತ್ತೆ."

"ಗೊತ್ತಿಲ್ಲ ಕಣೇ. ಭಯ ಇದೆ, ಅಷ್ಟೆ," ಎಂದರು ಮೇಡಂ. "ಇದು ಸುಳ್ಳಾದ್ರೆ ನಾನು ಏನು ಮಾಡಿದೆ ಅಂತ ಹೇಳ್ಕೊಳ್ಳಲಿ? ಬೇರೇನೂ ಮಾಡೇ ಇಲ್ವಲ್ಲ."

ಬಾಗಿಲಿನ ಗಾಜಿನ ಕಿಂಡಿಯಲ್ಲಿ ಅವಳ ಫೋನ್ ಮಿನುಗುವುದು ಕಾಣಿಸಿತು. ಊಟಕ್ಕೆ ಬಾರದ ಮಗಳಿಗೆ ಅಮ್ಮನ ಕರೆ. ನಿಂತಿತು, ಮತ್ತೆ ಮಿನುಗಿತು. ಅಮ್ಮ ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ. ಕೊನೆಗೆ ಆ ರಿಂಗಿಗೆ ತಲೆ ಕೆಟ್ಟು ಗೊಣಗುತ್ತ ಬಂದ ಕಾವಲುಗಾರ ಕಿಂಡಿಯಲ್ಲಿ ಎರಡು ಮುಖ ಕಂಡು ಹೌಹಾರಿ ಬಾಗಿಲು ತೆಗೆದ.

ಮರುದಿನ ಮೇಡಂ, "ಇನ್ನೊಂದ್ಸಲ ಮಾಡೋಣ," ಎಂದಾಗ ಅವಳ ಜೀವ ಕುಗ್ಗಿಹೋಯಿತು.

"ಈ ಸಲ ಕತ್ತರಿ ನಾನು ಹಿಡೀತೀನಿ," ಎಂದು ಸೇರಿಸಿದರು ಮೇಡಂ.

ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಮಣಿಕಟ್ಟನ್ನು ಮೇಜಿಗೆ ಒತ್ತಿಹಿಡಿದು, ಅವರೇ ಕಣ್ಣಿನ ಮೊಳಕೆ ತೆಗೆದರು. ಅವಳು ದೀಪ ಹಿಡಿದಿದ್ದಳು. ಭ್ರೂಣಗಳು ಬೆಳೆಯುವವರೆಗೆ ಇಬ್ಬರೂ ಕಾದರು. ಕೊನೆಗೆ ಫಿಲ್ಮಿನ ಮೇಲೆ, ಕಿಣ್ವ ಎಷ್ಟು ಚುರುಕೋ ಅಷ್ಟು ಕಪ್ಪಾಗುವ ಪಟ್ಟೆಗಳು ಮೂಡಿದವು. ಎರಡೂ ಬದಿ ಒಂದೇ ಕಪ್ಪು.

ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಬರಿ. ನನ್ನದು ತಪ್ಪು ಅಂತಲೇ ಬರಿ. ಮೆತ್ತಗೆ ಬರೀಬೇಡ."

ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಕಣ್ಣು ಎಬ್ಬಿಸಲ್ಲ ಅಂದ್ರೆ ಮತ್ಯಾರು ಎಬ್ಬಿಸ್ತಾರೆ ಅದನ್ನ?" ಎಂದು ಕೇಳಿದರು ಮೇಡಂ.

"ಗೊತ್ತಿಲ್ಲ ಮೇಡಂ."

"ಅದನ್ನ ನನಗೆ ಬಿಡು. ನೀನು ಬರೆದು ಮುಗಿಸಿ ಹೊರಡು."

ಪದವಿ ಸಿಕ್ಕಿತು. ಅವಳು ಖಾಲಿ ಮಾಡಿದ ಮೇಜಿಗೆ ಮೇಡಂ ತಮ್ಮ ಸೂಕ್ಷ್ಮದರ್ಶಕ ತಂದಿಟ್ಟುಕೊಂಡರು.